ಕೈಸಾಲದ ಕಾರ್ಖಾನೆ

1981ರಲ್ಲಿ ಅಮೆರಿಕನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಒಂದರ ಬೆನ್ನಿಗೊಂದು ಮೂರು ಪ್ರಬಂಧಗಳು ಅಚ್ಚಾದವು. ಲೇಖಕರು 49 ಮಂದಿ. ಪಟ್ಟಿಯ ಮೊದಲ ಹೆಸರು ಹಾರ್ವರ್ಡ್‌ನ ರಾಬರ್ಟ್ ಬರ್ನ್ಸ್ ವುಡ್‌ವರ್ಡ್ ಅವರದು. ಅವರು ತೀರಿಕೊಂಡು ಆಗಲೇ ಎರಡು ವರ್ಷವಾಗುತ್ತ ಬಂದಿತ್ತು. ಕೊಲೆಸ್ಟರಾಲ್, ಕ್ಲೋರೊಫಿಲ್, ಬಿ12 ವಿಟಮಿನ್ ಎಂದು ಪ್ರಕೃತಿ ಕಟ್ಟಿದ ಅಣುಗಳನ್ನು ಒಂದೊಂದಾಗಿ ಗಾಜಿನ ಬುಡ್ಡಿಯಲ್ಲಿ ಮರಳಿ ಕಟ್ಟಿ ತೋರಿಸಿದವರು ಅವರು. 1965ರ ನೊಬೆಲ್ ಬಂದದ್ದೂ ಆ ಕೈಚಳಕಕ್ಕೇ. ಅಂಥವರು 1956ರಲ್ಲಿ ಎರಿತ್ರೋಮೈಸಿನ್ ಎಂಬ ಹೊಸ ಔಷಧದ ಬಗ್ಗೆ ಬರೆಯುವಾಗ, ಇದು ಸದ್ಯಕ್ಕಂತೂ ನಮ್ಮ ಕೈಗೆ ಎಟುಕುವ ಮಾತಲ್ಲ ಎಂಬರ್ಥದಲ್ಲಿ ಹತಾಶೆ ತೋಡಿಕೊಂಡಿದ್ದರು. ಆಮೇಲೆ ಅದನ್ನೇ ಪಟ್ಟು ಹಿಡಿದರು. ಕೊನೆಗೂ ಅಣು ಸಿದ್ಧವಾಯಿತು, ನೋಡಲು ಅವರಿರಲಿಲ್ಲ.

ಕಷ್ಟವೇನೆಂದರೆ ಈ ಅಣುವಿನಲ್ಲಿ ಎಡ-ಬಲದ ಭೇದವುಳ್ಳ ಇಂಗಾಲದ ಪರಮಾಣುಗಳು 18 ಇವೆ. ಒಂದೊಂದೂ ಚಪ್ಪಲಿಯಂತೆ. ಎಡಗಾಲಿನದನ್ನು ಬಲಗಾಲಿಗೆ ಹಾಕಿದರೆ ಔಷಧ ಔಷಧವಾಗಿ ಉಳಿಯುವುದಿಲ್ಲ. ಹದಿನೆಂಟು ಕಡೆ ಎರಡೆರಡು ಆಯ್ಕೆ ಎಂದರೆ 2,62,144 ಜೋಡಣೆಗಳು. ಅದರಲ್ಲಿ ಸರಿಯಾದದ್ದು ಒಂದೇ ಒಂದು.

ಆ 49 ಹೆಸರುಗಳಲ್ಲಿ ಒಂದು ಪಿ. ಬಲರಾಮ್ ಅವರದು. ಹಾರ್ವರ್ಡ್‌ನಲ್ಲಿ ಈ ಅಣುವಿಗೆ ಬೆವರು ಸುರಿಸಿ 1973ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದವರು, ಮುಂದೆ 2005ರಿಂದ 2014ರವರೆಗೆ ಅದರ ನಿರ್ದೇಶಕರಾಗಿದ್ದವರು. ಈ ಹೆಸರನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು, ಕಥೆ ಇನ್ನೊಮ್ಮೆ ಅವರ ಬಾಗಿಲಿಗೆ ಬರುತ್ತದೆ.

ಇಷ್ಟು ದೊಡ್ಡ ಪಡೆ ವರ್ಷಗಟ್ಟಲೆ ಹೆಣಗಿದ ಕೆಲಸವನ್ನು ಒದ್ದೆ ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾ ಸದ್ದಿಲ್ಲದೆ ಮಾಡುತ್ತದೆ. ಅದಕ್ಕೆ ಕುದಿಸುವುದು, ಹೆಪ್ಪುಗಟ್ಟಿಸುವುದು, ಒಂದೊಂದು ಹಂತದಲ್ಲೂ ಸೋಸಿ ಶುದ್ಧಮಾಡುವುದು ಯಾವುದೂ ಬೇಕಿಲ್ಲ. ಹೇಗೆ ಮಾಡುತ್ತದೆ ಎಂದು ತಿಳಿಯಲು ಮನುಷ್ಯರಿಗೆ ನೂರು ವರ್ಷ ಹಿಡಿಯಿತು. ಅದು ಆ ವಿದ್ಯೆಯನ್ನು ಎಲ್ಲಿಂದ ಸಂಪಾದಿಸಿತು ಎಂಬ ಪ್ರಶ್ನೆಗೆ ಉತ್ತರ ಬರತೊಡಗಿದ್ದು ಮೊನ್ನೆ ಮೊನ್ನೆ.

*

ಮಣ್ಣು ಫಿಲಿಪ್ಪೀನ್ಸ್‌ನದು. ಪನಾಯ್ ದ್ವೀಪದ ಇಲೊಯಿಲೊ ಪ್ರಾಂತ್ಯದಲ್ಲಿ ಅಬೆಲಾರ್ಡೊ ಅಗಿಲಾರ್ ಎಂಬ ವೈದ್ಯರಿದ್ದರು, ಅಮೆರಿಕದ ಎಲಿ ಲಿಲ್ಲಿ ಔಷಧ ಕಂಪನಿಗೆ ಕೆಲಸ ಮಾಡುತ್ತಿದ್ದರು. ಆ ಕಾಲದಲ್ಲಿ ಔಷಧ ಕಂಪನಿಗಳಿಗೆ ಮಣ್ಣಿನ ಹುಚ್ಚು ಹಿಡಿದಿತ್ತು. ಸ್ಟ್ರೆಪ್ಟೊಮೈಸಿನ್ ಮಣ್ಣಿನಿಂದ ಬಂದಿತ್ತು. ಆಂಧ್ರದಿಂದ ಹೋದ ಯಲ್ಲಾಪ್ರಗಡ ಸುಬ್ಬರಾವ್ ಸಂಶೋಧನೆಯ ಚುಕ್ಕಾಣಿ ಹಿಡಿದಿದ್ದ ಲೆಡರ್ಲಿ ಪ್ರಯೋಗಾಲಯದ ಆರಿಯೊಮೈಸಿನ್ ಕೂಡ ಮಣ್ಣಿನಿಂದಲೇ. ಊರೂರಿನ ವೈದ್ಯರು, ಪಾದ್ರಿಗಳು, ಪ್ರವಾಸಿಗಳು ಚಿಟಿಕೆ ಮಣ್ಣನ್ನು ಪೊಟ್ಟಣ ಕಟ್ಟಿ ಅಂಚೆಗೆ ಹಾಕುತ್ತಿದ್ದರು. ಅಗಿಲಾರ್ 1949ರಲ್ಲಿ ಕಳಿಸಿದ ಪೊಟ್ಟಣದಲ್ಲಿ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಜೆ. ಎಂ. ಮೆಗ್ವಯರ್ ತಂಡ ಅದು ಸ್ರವಿಸುವ ವಸ್ತುವನ್ನು ಬೇರ್ಪಡಿಸಿತು. 1952ರಲ್ಲಿ ಅದು ಇಲೊಟೈಸಿನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಹೆಸರಿನಲ್ಲಿ ಇಲೊಯಿಲೊ ಉಳಿಯಿತು. ಅಗಿಲಾರ್‌ಗೆ ಮಾತ್ರ ಲಾಭದಲ್ಲಿ ಪಾಲು ಬರಲಿಲ್ಲ ಎಂಬ ಕೊರಗು ಆ ದೇಶದಲ್ಲಿ ಇಂದಿಗೂ ಕೇಳಿಬರುತ್ತದೆ.

ಪೆನಿಸಿಲಿನ್ ಒಗ್ಗದವರಿಗೆ ಎರಿತ್ರೋಮೈಸಿನ್ ವರದಾನವಾಯಿತು. ಗಂಟಲು ಕೆಟ್ಟಾಗ ಮೂರು ದಿನಕ್ಕೆಂದು ಬರೆದುಕೊಡುವ ಅಜಿತ್ರೋಮೈಸಿನ್ ಇದೆಯಲ್ಲ, ಅದು ಇದೇ ಅಣುವನ್ನು 1980ರ ಸುಮಾರಿಗೆ ಜಾಗ್ರೆಬ್‌ನ ರಸಾಯನ ವಿಜ್ಞಾನಿಗಳು ತುಸು ತಿದ್ದಿ ಮಾಡಿದ್ದು. ಇಂದಿಗೂ ಅದರ ಮೂಲ ಸರಕು ಬ್ಯಾಕ್ಟೀರಿಯಾದಿಂದಲೇ ಬರಬೇಕು. ವುಡ್‌ವರ್ಡ್ ತಂಡದ ಮಾರ್ಗ ಅದ್ಭುತ, ಆದರೆ ಆ ಮಾರ್ಗದಲ್ಲಿ ಮಾತ್ರೆ ಮಾಡಿದರೆ ಕೊಳ್ಳುವ ಗಂಟಲು ಒಂದೂ ಇರಲಾರದು.

*

ಈ ಅಣು ಹೇಗೆ ಹುಟ್ಟುತ್ತದೆ ಎಂಬುದರ ಮೊದಲ ಸುಳಿವು ಔಷಧಕ್ಕಿಂತ ಅರ್ಧ ಶತಮಾನ ಮುಂಚೆಯೇ ಸಿಕ್ಕಿತ್ತು, ಸಿಕ್ಕಿ ಕಳೆದುಹೋಗಿತ್ತು. ಸಿಕ್ಕವರು ಜಾನ್ ನಾರ್ಮನ್ ಕಾಲಿ. ಇಡೀ ಕಥೆಯಲ್ಲಿ ನನಗೆ ಎಲ್ಲರಿಗಿಂತ ಹಿಡಿಸಿದ ಮನುಷ್ಯ. ಲಂಡನ್ನಿನಲ್ಲಿ ರಸಾಯನಶಾಸ್ತ್ರ, ರಜೆ ಸಿಕ್ಕರೆ ಪರ್ವತ. 1895ರಲ್ಲಿ ಆಲ್ಬರ್ಟ್ ಮಮ್ಮರಿ ಜೊತೆ ಕಾಶ್ಮೀರದ ನಂಗಾ ಪರ್ವತಕ್ಕೆ ಬಂದರು. ಎಂಟು ಸಾವಿರ ಮೀಟರಿನ ಶಿಖರವೊಂದನ್ನು ಹತ್ತಲು ಮನುಷ್ಯರು ಮಾಡಿದ ಮೊದಲ ಪ್ರಯತ್ನಗಳಲ್ಲಿ ಅದು ಒಂದು. ಮಮ್ಮರಿ, ರಘುಬೀರ್ ಥಾಪಾ, ಗೋಮನ್ ಸಿಂಗ್ ಮೂವರೂ ಹಿಮದಲ್ಲಿ ಕಣ್ಮರೆಯಾದರು. ಕಾಲಿ ಬದುಕಿ ಮರಳಿದರು.

ಅದಕ್ಕೂ ಎರಡು ವರ್ಷ ಮುಂಚೆ, 1893ರಲ್ಲಿ, ಡಿಹೈಡ್ರೊಅಸೆಟಿಕ್ ಆಮ್ಲ ಎಂಬ ಸರಳ ವಸ್ತುವನ್ನು ಕ್ಷಾರದಲ್ಲಿ ಕಾಯಿಸುವಾಗ ಅವರಿಗೆ ಆರ್ಸಿನಾಲ್ ಸಿಕ್ಕಿತ್ತು. ಆರ್ಸಿನಾಲ್ ಬಂಡೆಗಳ ಮೇಲೆ ಬೆಳೆಯುವ ಕಲ್ಲುಹೂವಿನಲ್ಲಿ ಇರುವ ವಸ್ತು. ಕಾಲಿಗೆ ಅನುಮಾನ ಬಂತು: ವಿನೆಗರಿನ ಮನೆತನಕ್ಕೆ ಸೇರಿದ ಎರಡೆರಡು ಇಂಗಾಲದ ತುಂಡುಗಳನ್ನು ಹಾರದಂತೆ ಪೋಣಿಸಿ, ಬೇಕಾದಲ್ಲಿ ಬಾಗಿಸಿ, ಗಂಟು ಹಾಕಿದರೆ ಗಿಡ-ಶಿಲೀಂಧ್ರಗಳ ಎಷ್ಟೋ ಬಣ್ಣಗಳೂ ವಿಷಗಳೂ ಹುಟ್ಟಬಹುದಲ್ಲ? 1907ರಲ್ಲಿ ಅದನ್ನು ಬರೆದರು. ಪಾಲಿಕೀಟೈಡ್ ಎಂಬ ಪದ ಆ ಚಿಂತನೆಯ ಕೂಸು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಂಡಿದ್ದರೂ ಪರೀಕ್ಷಿಸುವ ಉಪಾಯ ಆಗ ಇರಲಿಲ್ಲ ಎನ್ನಿ.

ಉಪಾಯ ಬಂದದ್ದು ಎರಡನೇ ಮಹಾಯುದ್ಧದ ಮೇಲೆ, ವಿಕಿರಣ ಸೂಸುವ ಇಂಗಾಲ-14ರ ರೂಪದಲ್ಲಿ. ಸಿಡ್ನಿಯ ಆರ್ಥರ್ ಬರ್ಚ್ 1953ರಲ್ಲಿ ಕಾಲಿಯ ಯೋಚನೆಗೆ ಮತ್ತೆ ಜೀವ ಕೊಟ್ಟರು. 1955ರಲ್ಲಿ ಅವರ ತಂಡ ಪೆನಿಸಿಲಿಯಂ ಶಿಲೀಂಧ್ರಕ್ಕೆ ಗುರುತು ಮಾಡಿದ ಅಸಿಟೇಟನ್ನು ಉಣಿಸಿ, ಅದು ತಯಾರಿಸಿದ ಆಮ್ಲವೊಂದನ್ನು ಬಿಚ್ಚಿ ನೋಡಿತು. ಲೆಕ್ಕ ಹಾಕಿದ್ದಂತೆಯೇ ಒಂದು ಬಿಟ್ಟು ಒಂದು ಇಂಗಾಲದಲ್ಲಿ ಗುರುತು. ಹಾರದ ಮಣಿಗಳು ಕಣ್ಣಿಗೆ ಬಿದ್ದವು. ಎರಿತ್ರೋಮೈಸಿನ್ ಕೂಡ ಇಂಥದೇ ಹಾರ ಎಂದು ಬೇಗನೆ ತಿಳಿಯಿತು; ಅದರ ಮಣಿ ಮಾತ್ರ ಎರಡಲ್ಲ, ಮೂರು ಇಂಗಾಲದ ಪ್ರೊಪಿಯೊನೇಟ್. ಒಟ್ಟು ಏಳು ಮಣಿ.

ಹಾರ ಇದೆ, ಮಣಿ ಇದೆ. ಪೋಣಿಸುವ ಕೈ ಯಾವುದು?

*

ಮೊದಲ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ವಾಸನೆಗೆ ಕಾರಣವಾದ ಜಿಯೋಸ್ಮಿನ್ ಎಂಬ ವಸ್ತುವನ್ನು ಹೆಚ್ಚಾಗಿ ಮಾಡುವುದು ಸ್ಟ್ರೆಪ್ಟೊಮೈಸಿಸ್ ಕುಲದ ಬ್ಯಾಕ್ಟೀರಿಯಾಗಳು. ಎರಿತ್ರೋಮೈಸಿನ್ ಮಾಡುವ ಜೀವಿಯನ್ನೂ ಮೊದಲು ಈ ಕುಲಕ್ಕೇ ಸೇರಿಸಿದ್ದರು. 1987ರಲ್ಲಿ ಸ್ಯಾಕರೊಪಾಲಿಸ್ಪೊರ ಎರಿತ್ರಿಯ ಎಂದು ಬೇರೆ ಮನೆ ಕೊಟ್ಟರು. ನೆಂಟಸ್ತಿಕೆ ಹಾಗೇ ಇದೆ. ಇವು ಬೂಸ್ಟಿನಂತೆ ಎಳೆ ಬಿಟ್ಟು ಬೆಳೆಯುತ್ತವೆ, ಪುಡಿಯಂಥ ಬೀಜಕಣ ಉದುರಿಸುತ್ತವೆ. ಹಾಗಾಗಿ 1954ರಲ್ಲಿ ಡೇವಿಡ್ ಹಾಪ್‌ವುಡ್ ಎಂಬ ಯುವಕ ಕೇಂಬ್ರಿಜ್‌ನಲ್ಲಿ ಇವುಗಳ ಬೆನ್ನು ಹತ್ತಿದಾಗ, ಇವು ಬ್ಯಾಕ್ಟೀರಿಯಾವೋ ಶಿಲೀಂಧ್ರವೋ ಎಂಬುದೇ ಇತ್ಯರ್ಥವಾಗಿರಲಿಲ್ಲ. ಹಾಪ್‌ವುಡ್ ಆರಿಸಿಕೊಂಡದ್ದು ಸ್ಟ್ರೆಪ್ಟೊಮೈಸಿಸ್ ಸೀಲಿಕಲರ್ ಎಂಬ ಜಾತಿಯನ್ನು. ಅದು ಆಕ್ಟಿನೊರೋಡಿನ್ ಎಂಬ ನೀಲಿ ಬಣ್ಣ ಸುರಿಸುತ್ತದೆ, ಹುಳಿ ತಾಗಿದರೆ ಕೆಂಪಾಗುತ್ತದೆ. ಈ ನೀಲಿಯೂ ಒಂದು ಪಾಲಿಕೀಟೈಡ್, ಒಂದು ಆ್ಯಂಟಿಬಯಾಟಿಕ್. ಬಣ್ಣ ಕೆಟ್ಟರೆ ಯಾವುದೋ ಜೀನ್ ಕೆಟ್ಟಿದೆ ಎಂದು ಬರಿಗಣ್ಣಿಗೇ ಗೊತ್ತಾಗುತ್ತದೆ. ಬಡವನ ಸೂಕ್ಷ್ಮದರ್ಶಕ!

ಗ್ಲಾಸ್ಗೋ ದಾಟಿ, 1968ರಲ್ಲಿ ನಾರಿಚ್‌ನ ಜಾನ್ ಇನ್ನೆಸ್ ಸಂಸ್ಥೆಗೆ ಬಂದು, ಒಟ್ಟು ಮೂವತ್ತು ವರ್ಷ ಅದೇ ನೀಲಿಯನ್ನು ನೋಡುತ್ತ ಕೂತ ತಾಳ್ಮೆಗೆ ಫಲ ಬಂದದ್ದು 1984ರಲ್ಲಿ. ಸ್ಪೇನಿನಿಂದ ಬಂದಿದ್ದ ಫ್ರಾನ್ಸಿಸ್ಕೊ ಮಾಲ್ಪಾರ್ಟಿಡ ಮತ್ತು ಹಾಪ್‌ವುಡ್ ಆ ನೀಲಿ ಮಾಡುವ ಜೀನುಗಳನ್ನೆಲ್ಲ ಒಂದೇ ಡಿಎನ್‌ಎ ತುಂಡಿನಲ್ಲಿ ಕತ್ತರಿಸಿ ತೆಗೆದು ಬೇರೆ ಬ್ಯಾಕ್ಟೀರಿಯಾಕ್ಕೆ ಹಾಕಿದರು. ಅದೂ ನೀಲಿಯಾಯಿತು. ಈ ಪ್ರಯೋಗ ಹೇಳಿದ ಮುಖ್ಯ ಸಂಗತಿ: ಒಂದು ಔಷಧಕ್ಕೆ ಬೇಕಾದ ಜೀನುಗಳು ಊರೆಲ್ಲ ಚದುರಿಲ್ಲ, ಒಂದೇ ಕೇರಿಯಲ್ಲಿ ಗೋಡೆಗೆ ಗೋಡೆ ಅಂಟಿಸಿಕೊಂಡು ಇವೆ. ಇಡೀ ಕೇರಿಯನ್ನೇ ಎತ್ತಿ ಸಾಗಿಸಬಹುದು. ಮನುಷ್ಯನಿಗೆ ಸಾಧ್ಯವಾದದ್ದು ಬ್ಯಾಕ್ಟೀರಿಯಾಕ್ಕೆ ಮೊದಲೇ ಸಾಧ್ಯವಾಗಿರಬೇಕು ಎಂದು ಯೋಚಿಸಿದವರು ಆಗ ಕಡಿಮೆ.

ಕೇರಿಯಲ್ಲಿ ಇನ್ನೊಂದು ಮನೆಯೂ ಇತ್ತು. ವಿಷ ತಯಾರಿಸುವವರಿಗೆ ತಮ್ಮದೇ ವಿಷದಿಂದ ರಕ್ಷಣೆ ಬೇಕಲ್ಲ? ಎರಿತ್ರೋಮೈಸಿನ್ ಕೊಲ್ಲುವುದು ಪ್ರೋಟೀನ್ ತಯಾರಿಸುವ ರೈಬೋಸೋಮಿನ ಸುರಂಗಕ್ಕೆ ಅಡ್ಡ ಕೂತು. ಅದನ್ನು ಮಾಡುವ ಬ್ಯಾಕ್ಟೀರಿಯಾ ತನ್ನ ರೈಬೋಸೋಮಿನ ಮೇಲೆ ಮಿಥೈಲ್ ಎಂಬ ಸಣ್ಣದೊಂದು ಗುರುತು ಒತ್ತಿ ಅದು ಕೂರದಂತೆ ಮಾಡಿಕೊಂಡಿದೆ. ಗುರುತು ಒತ್ತುವ ಜೀನಿನ ಹೆಸರು ಅರ್ಮ್-ಇ. ಆಸ್ಪತ್ರೆಗಳಲ್ಲಿ ಈ ಔಷಧಕ್ಕೆ ಬಗ್ಗದ ರೋಗಾಣುಗಳ ಕೈಯಲ್ಲಿ ಇರುವುದೂ ಇದೇ ಬಗೆಯ ಜೀನುಗಳು. 1980ರ ದಶಕದ ಪತ್ತೇದಾರರಿಗೆ ಅರ್ಮ್-ಇ ಗೊತ್ತಿತ್ತು. ಬೀಗ ಇಲ್ಲಿದ್ದರೆ ತಿಜೋರಿ ದೂರ ಇರಲಾರದು ಎಂದುಕೊಂಡು ಎರಡು ತಂಡಗಳು ಅಲ್ಲಿಂದ ಡಿಎನ್‌ಎ ಗುಂಟ ನಡೆಯತೊಡಗಿದವು: ಕೇಂಬ್ರಿಜ್‌ನಲ್ಲಿ ಪೀಟರ್ ಲೆಡ್ಲಿ ತಂಡ, ಶಿಕಾಗೋ ಬಳಿಯ ಅಬಟ್ ಪ್ರಯೋಗಾಲಯದಲ್ಲಿ ಲೆನರ್ಡ್ ಕಾಟ್ಜ್ ಮತ್ತು ಇಟಲಿಯ ಸ್ಟೆಫಾನೊ ಡೊನಾಡಿಯೊ.

*

ಎರಡೂ ತಂಡಗಳು ಕಂಡದ್ದು ಒಂದು ದೈತ್ಯ. ಬ್ಯಾಕ್ಟೀರಿಯಾದ ಸಾಧಾರಣ ಪ್ರೋಟೀನಿನಲ್ಲಿ ಸುಮಾರು ಮುನ್ನೂರು ಅಮೈನೊ ಆಮ್ಲಗಳಿರುತ್ತವೆ. ಇಲ್ಲಿ ಮೂರು ಪ್ರೋಟೀನುಗಳು, ಒಂದೊಂದರಲ್ಲಿ ಮೂರು ಸಾವಿರಕ್ಕೂ ಹೆಚ್ಚು. 1990ರಲ್ಲಿ ಲೆಡ್ಲಿ ತಂಡ ‘ನೇಚರ್’ನಲ್ಲಿ, 1991ರಲ್ಲಿ ಅಬಟ್ ತಂಡ ‘ಸೈನ್ಸ್’ನಲ್ಲಿ ವರದಿ ಮಾಡಿದವು. ಅಕ್ಷರಗಳನ್ನು ಸಾಲಾಗಿ ಇಟ್ಟು ಓದಿದಾಗ ಬೆರಗು: ಒಂದೇ ಬಗೆಯ ಪಾಠ ಆರು ಸಲ ಮರುಕಳಿಸಿತ್ತು. ಹಾರಕ್ಕೆ ಮೊದಲ ಮಣಿಯ ಮೇಲೆ ಪೋಣಿಸಬೇಕಾದ ಮಣಿಗಳೂ ಆರೇ!

ಮನೆಗೆ ಮೋಲ್ಡ್ ಹಾಕುವ ದಿನ ನೋಡಿದ್ದೀರಲ್ಲ. ನೆಲದಿಂದ ಸೂರಿನವರೆಗೆ ಆಳುಗಳು ಸಾಲಾಗಿ ನಿಂತು ಕಾಂಕ್ರೀಟ್ ತುಂಬಿದ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಡೆಬ್ಸ್ ಎಂದು ಕರೆಯುವ ಈ ಎಂಜೈಮ್ ಅಂಥದೊಂದು ಸಾಲು. ಒಬ್ಬೊಬ್ಬರೂ ಬಾಂಡ್ಲಿಗೆ ತಮ್ಮದೊಂದು ಪಾಲು ಹಾಕಿ ಮುಂದಕ್ಕೆ ಕೊಡುತ್ತಾರೆ ಎಂಬುದಷ್ಟೇ ಹೆಚ್ಚಳ. ಸಾಲಿನಲ್ಲಿ ನಿಂತ ಒಬ್ಬೊಬ್ಬ ಆಳಿಗೆ ಮಾಡ್ಯೂಲ್ ಎಂದು ಹೆಸರು. ಒಂದೊಂದು ಮಾಡ್ಯೂಲಿನಲ್ಲಿ ಕನಿಷ್ಠ ಮೂರು ಕೈಗಳು. ಒಂದು ಕೈ ಹೊಸ ಮಣಿಯನ್ನು ಆರಿಸಿ ತರುತ್ತದೆ. ಇನ್ನೊಂದು ಅದನ್ನು ಹಾರಕ್ಕೆ ಬೆಸೆಯುತ್ತದೆ. ಬೆಸುಗೆಯ ಈ ಕೈಯ ಹೆಸರು ಕೀಟೊಸಿಂಥೇಸ್, ಮುಂದೆ ಇದರ ಮೇಲೇ ದೊಡ್ಡ ವ್ಯಾಜ್ಯ ನಡೆಯಲಿದೆ. ಮೂರನೆಯದು ಹಿಡಿದುಕೊಳ್ಳುವ ಕೈ: ಬಿ5 ವಿಟಮಿನ್ನಿನಿಂದ ಆದ ಉದ್ದನೆಯ, ಅತ್ತಿತ್ತ ತೂಗಾಡುವ ತೋಳು. ಬೆಳೆಯುತ್ತಿರುವ ಅಣು ಎಲ್ಲೂ ನೀರಿಗೆ ಬೀಳದೆ ಈ ತೋಳಿಗೇ ಜೋತುಬಿದ್ದಿರುತ್ತದೆ.

ಇದರ ಮೇಲೆ ಬೇಕಾದವರಿಗೆ ಬೇಕಾದಷ್ಟು ಒಪ್ಪ ಹಾಕುವ ಕೈಗಳು. ಆಮ್ಲಜನಕಕ್ಕೆ ಜಲಜನಕ ಸೇರಿಸುವುದು ಒಂದು, ನೀರು ಕಳೆಯುವುದು ಇನ್ನೊಂದು, ಉಳಿದ ಜೋಡಿಬಂಧವನ್ನೂ ಅಳಿಸುವುದು ಮತ್ತೊಂದು. ಡೆಬ್ಸ್‌ನ ನಾಲ್ಕನೇ ಮಾಡ್ಯೂಲಿನಲ್ಲಿ ಈ ಮೂರೂ ಇವೆ. ಒಂದು, ಎರಡು, ಐದು, ಆರರಲ್ಲಿ ಮೊದಲನೆಯದು ಮಾತ್ರ. ಮೂರನೆಯದರಲ್ಲಿ ಒಂದು ಕೈ ಇದೆ, ಆದರೆ ಸ್ವಾಧೀನ ತಪ್ಪಿದೆ. ಮಾಡ್ಯೂಲುಗಳ ಈ ಏರುಪೇರೇ ಅಣುವಿನ ಮೈಮೇಲಿನ ಏರುಪೇರು. ಜೀನನ್ನು ಎಡದಿಂದ ಬಲಕ್ಕೆ ಓದುತ್ತ ಹೋದರೆ ಅಣುವನ್ನು ಬರೆಯುತ್ತ ಹೋಗಬಹುದು. ಒಟ್ಟು 28 ಸಕ್ರಿಯ ಕೈಗಳು. ಕೊನೆಯದು ಸಿದ್ಧವಾದ ಹಾರದ ಎರಡು ತುದಿಗಳನ್ನು ಸೇರಿಸಿ ಬಳೆಯಂತೆ ಕಟ್ಟಿ ಬಿಡುಗಡೆ ಮಾಡುತ್ತದೆ. ಸಕ್ಕರೆಯ ಎರಡು ಒಡವೆ ತೊಡಿಸುವ ಕೆಲಸ ಆಮೇಲೆ ಬೇರೆ ಎಂಜೈಮುಗಳದು.

ಓದಿದ್ದು ಸರಿಯೇ ಎಂದು ನೋಡಲು ಡೊನಾಡಿಯೊ ತಂಡ ಐದನೇ ಮಾಡ್ಯೂಲಿನ ಒಪ್ಪ ಹಾಕುವ ಕೈಯನ್ನು ಕತ್ತರಿಸಿ ನೋಡಿತು. ಬಂದ ಅಣುವಿನ ಹಾರ ಬೇರೆಲ್ಲ ಕಡೆ ಹಾಗೇ ಇತ್ತು, ಆ ಒಂದು ಜಾಗದಲ್ಲಿ ಮಾತ್ರ ಒಪ್ಪವಿರಲಿಲ್ಲ. ನಿಜಕ್ಕೂ ಇದು ಸಾಲಿನ ಕೆಲಸ. ಡೆಟ್ರಾಯಿಟ್ ಬಳಿಯ ಹೈಲ್ಯಾಂಡ್ ಪಾರ್ಕಿನಲ್ಲಿ 1913ರಲ್ಲಿ ಹೆನ್ರಿ ಫೋರ್ಡ್ ಚಾಲೂ ಮಾಡಿದ ಜೋಡಣಾ ಸಾಲಿಗೆ ಇದನ್ನು ಹೋಲಿಸದ ವಿಜ್ಞಾನಿ ಆಮೇಲೆ ಸಿಗಲಿಲ್ಲ.

ಆ ಹೋಲಿಕೆ ಉಪಕಾರಕ್ಕಿಂತ ಉಪದ್ರವವನ್ನೇ ಹೆಚ್ಚು ಮಾಡಿತು ಎಂದು ನನಗನ್ನಿಸುತ್ತದೆ.

*

ಕಾರ್ಖಾನೆ ಎಂದ ಮೇಲೆ ಬಿಡಿಭಾಗ ಬದಲಾಯಿಸಬಹುದು ತಾನೆ? 1990ರ ದಶಕದ ಉತ್ಸಾಹವೆಲ್ಲ ಈ ಪ್ರಶ್ನೆಯ ಸುತ್ತ. ಮುಂಬಯಿ ಐಐಟಿಯಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಓದಿ, ಅಮೆರಿಕದಲ್ಲಿ ಡಾಕ್ಟರೇಟ್ ಮುಗಿಸಿ, ಹಾಪ್‌ವುಡ್ ಬಳಿ ಪಳಗಿದ ಚೈತನ್ ಖೋಸ್ಲಾ ಸ್ಟ್ಯಾನ್‌ಫರ್ಡ್‌ನಲ್ಲಿ ಪ್ರಯೋಗಾಲಯ ತೆರೆದರು. 1994ರಲ್ಲಿ ಡೆಬ್ಸ್ ಸಾಲನ್ನು ಪೂರ್ತಿಯಾಗಿ ಎತ್ತಿ ಹಾಪ್‌ವುಡ್‌ರ ನೀಲಿ ಬ್ಯಾಕ್ಟೀರಿಯಾದೊಳಗೆ ನೆಟ್ಟರು, ಅದು ಕೆಲಸ ಮಾಡಿತು. 1995ರಲ್ಲಿ ಕೊಸಾನ್ ಎಂಬ ಕಂಪನಿ ಹುಟ್ಟಿತು. 1999ರಲ್ಲಿ ಅದರ ವಿಜ್ಞಾನಿಗಳು ಡೆಬ್ಸ್‌ನ ಕೈಗಳನ್ನು ಅದಲುಬದಲು ಮಾಡಿ ಐವತ್ತಕ್ಕೂ ಹೆಚ್ಚು ಹೊಸ ಅಣುಗಳ ಸಂಗ್ರಹ ತೋರಿಸಿದರು. ಪತ್ರಿಕೆಗಳು ಲೆಗೊ ಇಟ್ಟಿಗೆಯ ಮಾತಾಡಿದವು.

ಆದರೆ ಒಂದು ಕೈ ಬದಲಾಯಿಸಿದರೆ ಇಳುವರಿ ಕುಸಿಯುತ್ತಿತ್ತು. ಎರಡು ಬದಲಾಯಿಸಿದರೆ ಇನ್ನೂ ಕುಸಿತ. ಮೂರಕ್ಕೆ ಬರುವ ಹೊತ್ತಿಗೆ ಅಣುವನ್ನು ಹುಡುಕಬೇಕಾಗುತ್ತಿತ್ತು. ಎಷ್ಟೋ ಮಿಶ್ರ ಸಾಲುಗಳು ಏನನ್ನೂ ಮಾಡಲೇ ಇಲ್ಲ. ಬಸ್ಸಿನ ಗೇರ್‌ಬಾಕ್ಸ್ ತಂದು ಕಾರಿಗೆ ಹಾಕಿದಂತೆ, ಎಲ್ಲ ಇದೆ, ಒಂದೂ ತಿರುಗದು.

ಒಂದು ಕಾರಣ ಹಿಡಿದುಕೊಟ್ಟವರು ರಾಜೇಶ್ ಗೋಖಲೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಬೇರೊಂದು ಎಂಜೈಮಿನ ಮೇಲೆ ಪಿಎಚ್‌ಡಿ ಮಾಡಿ ಖೋಸ್ಲಾ ಬಳಿಗೆ ಹೋಗಿದ್ದರು. ಬೆಂಗಳೂರಿನಲ್ಲಿ ಅವರು ಪಳಗಿದ್ದು ಅದೇ ಬಲರಾಮ್ ಅವರ ಪ್ರಯೋಗಾಲಯದಲ್ಲಿ! ಗುರು ಗಾಜಿನ ಬುಡ್ಡಿಯಲ್ಲಿ ಕಟ್ಟಲು ನೆರವಾದ ಅಣುವನ್ನು ಬ್ಯಾಕ್ಟೀರಿಯಾ ಕಟ್ಟುವ ಬಗೆಗೆ ಶಿಷ್ಯ ಕೈ ಹಾಕಿದರು, ಅದೇ ಅಮೆರಿಕದ ಇನ್ನೊಂದು ಅಂಚಿನಲ್ಲಿ. 1999ರ ‘ಸೈನ್ಸ್’ ಪ್ರಬಂಧದಲ್ಲಿ ಗೋಖಲೆ ಮತ್ತು ಸಂಗಡಿಗರು ತೋರಿಸಿದ್ದು ಇದು: ಮಾಡ್ಯೂಲುಗಳ ನಡುವೆ ಬರೀ ತುಂಬುಸಾಮಗ್ರಿ ಎಂದುಕೊಂಡಿದ್ದ ಚಿಕ್ಕ ಚಿಕ್ಕ ಅಮೈನೊ ಆಮ್ಲದ ಎಳೆಗಳು ನಿಜವಾಗಿ ಕೊಂಡಿಗಳು. ಯಾರ ಪಕ್ಕ ಯಾರು ನಿಲ್ಲಬೇಕೆಂದು ಹೇಳುವುದು ಅವೇ. ಕೊಂಡಿ ಹೊಂದಿಸಿದರೆ ಅಪರಿಚಿತ ಮಾಡ್ಯೂಲುಗಳೂ ಬಾಂಡ್ಲಿ ದಾಟಿಸುತ್ತವೆ. ಗೋಖಲೆ ಆಮೇಲೆ ದೆಹಲಿಗೆ ಮರಳಿ, ಕ್ಷಯದ ಬ್ಯಾಕ್ಟೀರಿಯಾ ತನ್ನ ಮೇಣದ ಹೊದಿಕೆ ನೇಯಲು ಇಂಥವೇ ಸಾಲುಗಳನ್ನು ಬಳಸುವ ಬಗೆಯನ್ನು ಬಿಡಿಸಿದರು.

ಕೊಂಡಿಯ ಗುಟ್ಟು ಸಿಕ್ಕಿತು, ಗಂಟು ಪೂರ್ತಿ ಬಿಚ್ಚಲಿಲ್ಲ. 2001ರಲ್ಲಿ ಖೋಸ್ಲಾ ತಂಡ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾಕ್ಕೂ ಎರಿತ್ರೋಮೈಸಿನ್‌ನ ಬಳೆ ಮಾಡುವುದನ್ನು ಕಲಿಸಿತು; ಅದು ದೊಡ್ಡ ಸಾಧನೆಯೇ. ಮಿಶ್ರ ಸಾಲುಗಳ ಮಂಡುತನ ಹಾಗೇ ಉಳಿಯಿತು. 2008ರಲ್ಲಿ ಕೊಸಾನ್ ಕಂಪನಿಯನ್ನು ಬ್ರಿಸ್ಟಲ್-ಮೈಯರ್ಸ್ ಸ್ಕ್ವಿಬ್ ಕೊಂಡುಕೊಂಡಿತು.

*

ಎಂಜಿನಿಯರುಗಳು ಮುಗ್ಗರಿಸುತ್ತಿದ್ದ ಕಾಲದಲ್ಲೇ ಜೀನೋಮುಗಳನ್ನು ಓದುವವರು ಬೇರೆ ದಾರಿಯಿಂದ ಬರುತ್ತಿದ್ದರು. 2002ರಲ್ಲಿ ಹಾಪ್‌ವುಡ್‌ರ ನೀಲಿ ಬ್ಯಾಕ್ಟೀರಿಯಾದ ಪೂರ್ತಿ ಜೀನೋಮ್ ಪ್ರಕಟವಾಯಿತು: 86 ಲಕ್ಷಕ್ಕೂ ಹೆಚ್ಚು ಅಕ್ಷರ, 7,825 ಜೀನು. ಅದು ಬೆರಳೆಣಿಕೆಯ ವಸ್ತುಗಳನ್ನು ಮಾಡುತ್ತದೆ ಎಂದು ಗೊತ್ತಿತ್ತು; ಆದರೆ ಒಳಗೆ ಇಪ್ಪತ್ತಕ್ಕೂ ಹೆಚ್ಚು ಕೇರಿಗಳು ಸಿಕ್ಕವು. ಐವತ್ತು ವರ್ಷ ಸಾಕಿದವರಿಗೇ ಅದು ಹೇಳಿರಲಿಲ್ಲ. ಮರುವರ್ಷ ಜಪಾನಿನಿಂದ ಸ್ಟ್ರೆಪ್ಟೊಮೈಸಿಸ್ ಅವರ್ಮಿಟಿಲಿಸ್‌ನ ಜೀನೋಮ್, 2007ರಲ್ಲಿ ಎರಿತ್ರೋಮೈಸಿನ್ ಬ್ಯಾಕ್ಟೀರಿಯಾದ್ದು. ಈಗ ಸಾಲಿನ ಪಕ್ಕ ಸಾಲು ಇಟ್ಟು ಹೋಲಿಸಬಹುದಾಯಿತು. ಯಾರ ಮುಖದಲ್ಲಿ ಯಾರ ಮೂಗು?

ಅಜ್ಜನ ಮೂಗು ಮೊದಲೇ ಗೊತ್ತಿತ್ತು. ನಮ್ಮ ನಿಮ್ಮ ಪಿತ್ತಜನಕಾಂಗದಲ್ಲೂ ಇರುವ, ಕೊಬ್ಬು ತಯಾರಿಸುವ ಎಂಜೈಮ್ ಮತ್ತು ಡೆಬ್ಸ್ ಮಾಡ್ಯೂಲುಗಳಲ್ಲಿ ಒಂದೇ ಬಗೆಯ ಕೈಗಳು, ಒಂದೇ ಅನುಕ್ರಮದಲ್ಲಿ. ಕೊಬ್ಬಿನ ಎಂಜೈಮ್ ಒಬ್ಬಂಟಿ ಆಳು: ಅದೇ ಬಾಂಡ್ಲಿಯನ್ನು ತಾನೇ ಏಳು ಸಲ ಸುತ್ತಿಸಿ, ಪ್ರತಿ ಸುತ್ತಲ್ಲೂ ಮೂರೂ ಒಪ್ಪ ಹಾಕಿ, 16 ಇಂಗಾಲದ ನುಣ್ಣನೆಯ ಕೊಬ್ಬಿನ ಆಮ್ಲ ಮಾಡುತ್ತದೆ. ಅದೇ ಮನೆತನದ ಒಬ್ಬ ಆಳಿನ ಜೀನು ನಕಲಾಗಿ ಎರಡಾಯಿತು, ಎರಡು ಪಕ್ಕಪಕ್ಕ ನಿಂತವು, ಮತ್ತೆ ನಕಲಾಯಿತು. ನಕಲುಗಳಲ್ಲಿ ಕೆಲವು ಒಪ್ಪ ಹಾಕುವುದನ್ನು ಅಲ್ಲಲ್ಲಿ ಮರೆತವು. ಈ ಮರೆವಿನ ಜಾಗಗಳಲ್ಲೇ ಔಷಧದ ಗುಣ ಹುಟ್ಟಿತು, ಏಕೆಂದರೆ ನುಣ್ಣಗಿನ ಕೊಬ್ಬು ಯಾವ ರೈಬೋಸೋಮಿಗೂ ಸಿಕ್ಕಿಕೊಳ್ಳುವುದಿಲ್ಲ. ಸಿಕ್ಕಿಕೊಳ್ಳಲು ಗಂಟು ಬೇಕು, ಮೊನೆ ಬೇಕು.

ಮೂರನೇ ಮಾಡ್ಯೂಲಿನ ಸ್ವಾಧೀನ ತಪ್ಪಿದ ಕೈ ಇದಕ್ಕೆ ಸಾಕ್ಷಿ. ಯಾವ ಎಂಜಿನಿಯರೂ ಕೆಟ್ಟ ಯಂತ್ರವನ್ನು ಸಾಲಿನ ನಡುವೆ ಹಾಗೇ ಬಿಟ್ಟಿರುತ್ತಿರಲಿಲ್ಲ. ಇಲ್ಲೊಂದು ತಮಾಷೆಯಿದೆ. ಆ ಕೈ ಸತ್ತಿದೆ ಎಂದು ಇಪ್ಪತ್ತು ವರ್ಷ ಬರೆದುಕೊಂಡು ಬಂದರು. 2014ರ ಹೊತ್ತಿಗೆ ಅದು ಬೇರೊಂದು ಕೆಲಸ ಮಾಡುತ್ತಿದೆ ಎಂದು ಗೊತ್ತಾಯಿತು. ಒಪ್ಪ ಹಾಕುವುದನ್ನು ಬಿಟ್ಟ ಕೈ, ಮಣಿಯ ಎಡವನ್ನು ಬಲಕ್ಕೆ ತಿರುಗಿಸುತ್ತಿತ್ತು. ಹಿಡಿ ಮುರಿದ ಸೌಟನ್ನು ಅಜ್ಜಿ ಅಕ್ಕಿ ಅಳೆಯಲು ಇಟ್ಟುಕೊಂಡಂತೆ.

ನಕಲು ಒಂದು ದಾರಿ, ಕೈಸಾಲ ಇನ್ನೊಂದು. ಅವರ್ಮಿಟಿಲಿಸ್‌ನ ಸಾಲುಗಳನ್ನು ಜರ್ಮನಿಯ ಯೆಂಕೆ-ಕೊಡಾಮ ಮತ್ತು ಡಿಟ್‌ಮನ್ ಮತ್ತಿತರರು 2006ರ ಸುಮಾರಿಗೆ ಬಿಡಿಸಿ ನೋಡಿದಾಗ, ಒಂದೇ ಸಾಲಿನೊಳಗಿನ ಕೈಗಳಿಗೆ ಬೇರೆ ಬೇರೆ ವಂಶಾವಳಿ ಕಂಡಿತು. ಪಕ್ಕದ ಸಾಲಿನಿಂದ ತುಂಡು ಕಡ ತಂದಿದ್ದವು. ಒಂದರಂತೆ ಒಂದಿರುವ ಪಾಠಗಳು ಆರಾರು ಸಲ ಬರುವ ಜೀನಿನಲ್ಲಿ ಹೀಗಾಗುವುದು ಸುಲಭ; ಭಜನೆಯಲ್ಲಿ ಒಂದೇ ಪಲ್ಲವಿ ಮತ್ತೆ ಮತ್ತೆ ಬಂದಾಗ ಹಾಡುವವರು ಚರಣ ಹಾರಿಸಿ ಬೇರೆಲ್ಲೋ ಸೇರಿಕೊಳ್ಳುವುದಿಲ್ಲವೇ, ಹಾಗೆ. ಊರಾಚೆಯ ಸಾಲವೂ ಉಂಟು. ಮಳೆಗಾಲದ ಆಸುಪಾಸಿನಲ್ಲಿ ಟ್ಯೂಬ್‌ಲೈಟಿಗೆ ಬಂದು ಮೈಮೇಲೆ ಜಜ್ಜಿಹೋದರೆ ಬೊಬ್ಬೆ ಎಬ್ಬಿಸುವ ಕೆಂಪು-ಕಪ್ಪು ಸಣ್ಣ ಜೀರುಂಡೆ, ಪೀಡರಸ್, ನಮ್ಮ ದೇಶದಲ್ಲೂ ಇದೆ. ಅದರ ವಿಷ ಪೆಡೆರಿನ್. 2002ರಲ್ಲಿ ಯೋರ್ನ್ ಪೀಲ್ ತೋರಿಸಿದಂತೆ ಅದನ್ನು ಮಾಡುವುದು ಜೀರುಂಡೆಯಲ್ಲ, ಅದರೊಳಗೆ ವಾಸಿಸುವ ಬ್ಯಾಕ್ಟೀರಿಯಾ, ಇಂಥದೇ ಒಂದು ಸಾಲಿನಿಂದ. ಆ ಬಗೆಯ ಸಾಲುಗಳಂತೂ ಕೌದಿ: ತುಂಡು ತುಂಡೂ ಬೇರೆ ಬೇರೆ ಸೀರೆಯದು.

ಕೌದಿಯಾದರೆ ಹೊಲಿಗೆ ಎಲ್ಲಿದೆ? ಇದೇ ವ್ಯಾಜ್ಯ. 1991ರಿಂದ ಎಲ್ಲರೂ ಮಾಡ್ಯೂಲ್ ಎಂದರೆ ಬೆಸೆಯುವ ಕೈಯಿಂದ ಶುರು, ಹಿಡಿಯುವ ತೋಳಿಗೆ ಮುಕ್ತಾಯ ಎಂದು ಗೆರೆ ಎಳೆದಿದ್ದರು. ಕತ್ತರಿಸಿದ್ದೂ ಆ ಗೆರೆಯ ಮೇಲೇ. ನೋಡಲು ನೇರವಾಗಿತ್ತು, ಕಾರ್ಖಾನೆಯ ನಕ್ಷೆಗೆ ಹೊಂದುತ್ತಿತ್ತು. ಆದರೆ ಸಾಲುಗಳ ಇತಿಹಾಸ ಓದಿದವರಿಗೆ ಬೇರೆಯೇ ಕಂಡಿತು. ಬೆಸೆಯುವ ಕೈ ತನ್ನ ಮುಂದಿನವರ ಜೊತೆಗಲ್ಲ, ಹಿಂದಿನವರ ಜೊತೆಗೆ ಪ್ರಯಾಣ ಮಾಡಿತ್ತು. ಸಾಲ ಕೊಡುವಾಗ ತರುವಾಗ ಆ ಎರಡೂ ಒಂದೇ ಗಂಟಿನಲ್ಲಿ ಹೋಗಿದ್ದವು. ಯೋಚಿಸಿದರೆ ನ್ಯಾಯವಾಗಿಯೇ ಇದೆ. ಹಿಂದಿನ ಮಾಡ್ಯೂಲು ಒಪ್ಪ ಹಾಕಿ ಕೊಟ್ಟ ಬಾಂಡ್ಲಿಯನ್ನು ಮೊದಲು ಮುಟ್ಟಿ, ಸರಿಯಿದೆಯೇ ಎಂದು ತಡವಿ ನೋಡುವುದು ಬೆಸೆಯುವ ಕೈ. ಕೊಡುವವನ ಕೈಗುಣ ತಿಳಿದ ತೆಗೆದುಕೊಳ್ಳುವವ ಅದು. ಆ ಜೋಡಿಯನ್ನು ಅಗಲಿಸಿದರೆ, ಅಪರಿಚಿತರು ಕೊಟ್ಟ ಬಾಂಡ್ಲಿಯನ್ನು ಅದು ಅನುಮಾನದಿಂದ ತಿರಸ್ಕರಿಸುತ್ತದೆ. ಇಪ್ಪತ್ತೈದು ವರ್ಷ ನಾವು ಗಂಡ ಹೆಂಡತಿಯ ನಡುವೆ ಗೆರೆ ಎಳೆದು ಸಂಸಾರ ಏಕೆ ನಡೆಯುತ್ತಿಲ್ಲ ಎಂದು ಕೇಳುತ್ತಿದ್ದೆವು. 2017ರಲ್ಲಿ ಟೆಕ್ಸಾಸ್‌ನ ಏಡ್ರಿಯನ್ ಕೀಟಿಂಜ್-ಕ್ಲೇ ಮಾಡ್ಯೂಲಿನ ಗೆರೆಯನ್ನೇ ಸರಿಸಬೇಕೆಂದು ವಾದಿಸಿದರು. 2024ರಲ್ಲಿ, ಅಷ್ಟರಲ್ಲಿ ಜೂರಿಕ್ ಸೇರಿದ್ದ ಪೀಲ್ ಅವರ ತಂಡ, ವಿಕಾಸ ಎಲ್ಲಿ ಹೊಲಿಗೆ ಹಾಕಿತ್ತೋ ಅಲ್ಲೇ ಕತ್ತರಿಸಿ ಅಲ್ಲೇ ಹೊಲಿದ ಮಿಶ್ರ ಸಾಲುಗಳು ಕೆಲಸ ಮಾಡುವುದನ್ನು ತೋರಿಸಿತು.

*

ಇನ್ನೊಂದು ಘಟನೆ ಉಳಿದಿದೆ. ರಾಪಮೈಸಿನ್ ಎಂಬ ಔಷಧ ಈಸ್ಟರ್ ದ್ವೀಪದ ಮಣ್ಣಿನಿಂದ ಬಂದದ್ದು. ಮಣ್ಣು ತಂದದ್ದು 1964ರಲ್ಲಿ. ಮಾಂಟ್ರಿಯಲ್‌ನಲ್ಲಿ ಅದರ ಮೇಲೆ ದುಡಿದ ಸುರೇಂದ್ರನಾಥ್ ಸೆಹಗಲ್, ಕಂಪನಿ ಆ ಪ್ರಯೋಗಾಲಯ ಮುಚ್ಚಿದಾಗ ಬ್ಯಾಕ್ಟೀರಿಯಾವನ್ನು ಮನೆಯ ಫ್ರೀಜರಿನಲ್ಲಿ ಕಾಪಾಡಿಕೊಂಡಿದ್ದರು. 1999ರಲ್ಲಿ ಅದು ಮೂತ್ರಪಿಂಡ ಕಸಿಯಾದವರಿಗೆ ಕೊಡುವ ಔಷಧವಾಯಿತು. 1995ರಲ್ಲಿ ಲೆಡ್ಲಿ ಮತ್ತು ಸಂಗಡಿಗರು ಅದರ ಸಾಲನ್ನು ಓದಿದ್ದರು: 14 ಮಾಡ್ಯೂಲು, ಡೆಬ್ಸ್‌ನ ಎರಡರಷ್ಟಕ್ಕೂ ಹೆಚ್ಚು.

ಕೇಂಬ್ರಿಜ್ ಬಳಿಯ ಐಸೋಮರೇಸ್ ಎಂಬ ಸಣ್ಣ ಕಂಪನಿಯವರು ಈ ಸಾಲಿನ ಒಂದು ಭಾಗವನ್ನು ಬದಲಾಯಿಸಲು ಹೊರಟಿದ್ದರು. ಒಳಗೆ ಹಾಕಿದ ಡಿಎನ್‌ಎ ತುಂಡು ಅಂದುಕೊಂಡ ಜಾಗದಲ್ಲಿ ಅಚ್ಚುಕಟ್ಟಾಗಿ ಕೂರುವ ಬದಲು ಬ್ಯಾಕ್ಟೀರಿಯಾವನ್ನು ಕೆಣಕಿತು. ಅದು ತನ್ನ ಪುನರಾವರ್ತನೆಗಳನ್ನು ತಾನೇ ಒಂದಕ್ಕೊಂದು ಬೆರೆಸಿ, ಸಾಲನ್ನು ತನಗೆ ತೋಚಿದಲ್ಲಿ ತುಂಡರಿಸಿ ಕೂಡಿಸಿಕೊಂಡಿತು. ಪಾತ್ರೆಗಳನ್ನು ಪರೀಕ್ಷಿಸಿದಾಗ ಕೆಲವು ಬ್ಯಾಕ್ಟೀರಿಯಾಗಳಲ್ಲಿ ಮಾಡ್ಯೂಲುಗಳು ಕಳಚಿಹೋಗಿದ್ದವು, ಕೆಲವುಗಳಲ್ಲಿ ಹೆಚ್ಚಾಗಿದ್ದವು. ಸಾಲು ಗಿಡ್ಡವಾದಲ್ಲಿ ಬಳೆ ಕಿರಿದಾಗಿತ್ತು, ಉದ್ದವಾದಲ್ಲಿ ಹಿರಿದಾಗಿತ್ತು. ಎಂಜಿನಿಯರುಗಳ ಮಿಶ್ರ ಸಾಲುಗಳು ಮಂಡಿಯೂರುತ್ತಿದ್ದ ಕಡೆ ಇವು ಸಲೀಸಾಗಿ ಅಣು ಸುರಿಸುತ್ತಿದ್ದವು. 2017ರಲ್ಲಿ ಅದನ್ನು ವರದಿ ಮಾಡಿದವರು ಆ ಅಣುಗಳ ಪಕ್ಕ, ಎಲ್ಲೆಲ್ಲಿ ಕೂಡಿಕೊಂಡಿವೆ ಎಂದು ತೋರಿಸುವ ನಕ್ಷೆಯನ್ನೂ ಅಚ್ಚು ಮಾಡಿದರು. ಮುಂದಿನ ಸಲ ಕತ್ತರಿ ಇಡುವವರಿಗೆ ಅಳತೆಪಟ್ಟಿ ಅದೇ.